ಯಜಮಾನನ ಮೇಲೊಂದು ದೂರು

ಎಪ್ಪತ್ತರ ದಶಕದಲ್ಲಿ ರಾಯಚೂರಿನ ಮಂದಿಗೆ ಮದುವೆಗೆ ಆರ್ಕೆಸ್ಟ್ರಾ ಕರೆಸುವ ಚಟ ಹತ್ತಿತು. ನಾನು ಹತ್ತಿ ಜಿನ್ನಿಂಗ್ ಕಾರ್ಖಾನೆಯೊಂದರ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಮದುವೆಯ ಸುಗ್ಗಿ ಬಂತೆಂದರೆ ಆರ್ಕೆಸ್ಟ್ರಾದ ಹವಾಯಿಯನ್ ಗಿಟಾರಿನವನಾಗುತ್ತಿದ್ದೆ. ಈ ಗಿಟಾರನ್ನು ಎದೆಗೆ ಆನಿಸಿಕೊಂಡು ನುಡಿಸುವುದಿಲ್ಲ. ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಬಲಗೈಯಿಂದ ತಂತಿ ಮೀಟುತ್ತಾ, ಎಡಗೈಯಲ್ಲಿ ಹಿಡಿದ ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸಬೇಕು. ಸ್ವರ ಒಂದು ಮನೆಯಿಂದ ಇನ್ನೊಂದಕ್ಕೆ ಜಿಗಿಯದೆ ಜಾರಿಕೊಂಡು ಹೋಗುತ್ತದೆ. ಕೇಳಿದವರು ಮೆಚ್ಚುತ್ತಿದ್ದರು, ನೋಡಿದವರು ನಗುತ್ತಿದ್ದರು. ಒಂದು ಮದುವೆಯಲ್ಲಿ ಮುದುಕಿಯೊಬ್ಬಳು ನನ್ನನ್ನು ಬಹಳ ಹೊತ್ತು ದಿಟ್ಟಿಸಿ ನೋಡಿ, "ಎಲ್ಲಾರೂ ಬಾರಸಾಕತ್ತಾರ, ಇಂವ ಒಬ್ಬಂವ ಇಸ್ತ್ರಿ ಮಾಡಾಕತ್ತಾನ" ಎಂದಳು. ಅಂದಿನಿಂದ ಆರ್ಕೆಸ್ಟ್ರಾದವರು ನನ್ನನ್ನು ಇಸ್ತ್ರಿ ಮಾಸ್ತರ್ ಎಂದೇ ಕರೆದರು.

ನಮ್ಮದು ದೇವದುರ್ಗದ ಕ್ರೈಸ್ತ ಮನೆ. ಅಪ್ಪ ಸಭೆಯ ಉಪದೇಶಿ. ಸೈಕಲ್ಲಿನ ಮೇಲೆ ಹಳ್ಳಿಗಳನ್ನು ತಿರುಗಿ ಪ್ರಾರ್ಥನೆ ನಡೆಸುವುದು ಅವರ ಕೆಲಸ. ಪ್ರಾರ್ಥನೆಯಲ್ಲಿ ಅವರು ಗಟ್ಟಿಗರು, ಹಾಡಿನಲ್ಲಿ ಮಾತ್ರ ಯಾವ ರಾಗಕ್ಕೂ ಸಿಗದವರು. ಮನೆಯಲ್ಲಿ ಹಾಡುತ್ತಿದ್ದವಳು ಅವ್ವ. ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಾ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಕೀರ್ತನೆ ಹಾಡುತ್ತಿದ್ದಳು. ಸಾಲಿನ ಕೊನೆ ಬರುವುದಕ್ಕೂ ಹಂಚಿನ ಮೇಲಿನ ರೊಟ್ಟಿ ತಿರುವುವುದಕ್ಕೂ ಸರಿಯಾಗುತ್ತಿತ್ತು. ಹಾಗಾಗಿ ಕೊನೆಯ ಮಾತನ್ನು ಬಿಟ್ಟು "ಊಂ..." ಎಂದು ಎಳೆಯುತ್ತಿದ್ದಳು. ನಮ್ಮ ಮನೆಯಲ್ಲಿ ಯಾವ ಕೀರ್ತನೆಗೂ ಕೊನೆಯ ಮಾತೇ ಇರಲಿಲ್ಲ. ಕೀರ್ತನೆ ಎಂದರೆ ಹಾಗೇ ಇರುತ್ತದೆ ಎಂದು ನಾನು ಬಹಳ ವರ್ಷ ನಂಬಿದ್ದೆ. ನಾವು ಗುಡಿ ಎನ್ನುತ್ತಿದ್ದ ಚರ್ಚಿನಲ್ಲಿ ಎಲ್ಲರೂ ಕೊನೆಯ ಮಾತು ಹಾಡುವಾಗ ನಾನು "ಊಂ" ಎನ್ನುತ್ತಿದ್ದೆ, ಪಕ್ಕದಲ್ಲಿ ಕೂತ ಅತ್ತೆಯಿಂದ ಚಿವುಟಿಸಿಕೊಳ್ಳುತ್ತಿದ್ದೆ.

ನನಗೆ ಮದುವೆಯಾಗಿ ರಾಯಚೂರಿನಲ್ಲಿ ಸಂಸಾರ ಹೂಡಿದ ಮೇಲೆ ಅವ್ವ ಕಾಯಿಲೆ ಬಿದ್ದಳು. ಇಲ್ಲಿಯ ಆಸ್ಪತ್ರೆಗೇ ಕರೆತಂದೆವು. ಊರಿನ ಸಭೆ, ಇಲ್ಲಿಯ ಸಭೆ ಎರಡೂ ಪ್ರಾರ್ಥಿಸಿದವು, ಅಪ್ಪ ಊಟ ಬಿಟ್ಟು ಪ್ರಾರ್ಥಿಸಿದರು, ನಾನೂ ಪ್ರಾರ್ಥಿಸಿದೆ. ಬಿರುಬೇಸಿಗೆಯ ಒಂದು ಮಧ್ಯಾಹ್ನ ಅವ್ವ ಹೋದಳು. ಮಣ್ಣಿಗೆ ನಿಂತವರೆಲ್ಲ ಮರಣದ ಮೇಲಿನ ಜಯದ ಹಾಡನ್ನು ಗಟ್ಟಿಯಾಗಿ ಹಾಡಿದರು. ಹಾಡಿಸಿದವರು ರಾಯಚೂರಿನ ನಮ್ಮ ಸಭೆಯ ಹಿರಿಯರು, ನಿವೃತ್ತ ಹೆಡ್‌ಮಾಸ್ತರು. ಅವರ ದನಿ ಕೋಟೆಯ ಆಚೆಗೂ ಕೇಳಿಸುವಂಥದ್ದು. ಆ ದಿನ ನನಗೆ ಜಯ ಬೇಕಾಗಿರಲಿಲ್ಲ. ಯಾರಾದರೂ ಒಂದು ಸಲ ನರಳಿದ್ದರೆ ಸಾಕಿತ್ತು. ಯಾರೂ ನರಳಲಿಲ್ಲ.

ಅದೇ ವರ್ಷ ಕ್ರಿಸ್ಮಸ್‌ಗೆ ಗುಡಿಯಲ್ಲಿ ಗಿಟಾರ್ ನುಡಿಸಲು ಕರೆದರು. ಹಿರಿಯರು ಹಾರ್ಮೋನಿಯಂ ಹಿಡಿದಿದ್ದರು. ಹಾಡಿನ ಮಧ್ಯೆ ನನ್ನ ಕೈ ತನ್ನಷ್ಟಕ್ಕೆ ತಾನೇ ಜಾರಿತು. ಅವ್ವನ "ಊಂ" ತಂತಿಯಿಂದ ಹೊರಬಂತು. ಹಿರಿಯರು ಹಾರ್ಮೋನಿಯಂ ನಿಲ್ಲಿಸಿ, ಇಡೀ ಸಭೆ ಕೇಳುವಂತೆ ಹೇಳಿದರು: "ತಮ್ಮಾ, ಸ್ವರ ಅಂದ್ರ ಮೆಟ್ಟಲ ಇದ್ದಂಗ. ಒಂದೊಂದ ಹತ್ತಬೇಕು. ನೀ ಜಾರಬಂಡಿ ಮಾಡಿಬಿಟ್ಟಿ." ಎಲ್ಲರೂ ನಕ್ಕರು. ನಾನು ಗಿಟಾರನ್ನು ಪೆಟ್ಟಿಗೆಗೆ ಹಾಕಿ ಹೊರಟೆ. ಗುಡಿ ಬಿಟ್ಟದ್ದಕ್ಕೆ ಊರು ಹೇಳುತ್ತಿದ್ದ ಕಾರಣ ಇದು. ನಿಜವಾದ ಕಾರಣ ಬೇಸಿಗೆಯಲ್ಲೇ ಹುಟ್ಟಿತ್ತು. ದೇವರಿಲ್ಲ ಎಂದು ನಿರ್ಧರಿಸಿಬಿಟ್ಟೆ. ಇದನ್ನು ಹೆಂಡತಿಗೆ ತಿಳಿಸಿದಾಗ ಅವಳು ಬೇಳೆ ಆರಿಸುತ್ತಿದ್ದಳು. "ಹೌದಾ? ಹಂಗಾದ್ರ ಆಯತವಾರ ಮುಂಜಾನಿ ಮನ್ಯಾಗ ಇರ್ತೀರಿ. ನೀರು ತುಂಬಿಸಿಡ್ರಿ" ಎಂದಳು.

ನಾನು ಬಿಟ್ಟರೂ ಹಿರಿಯರು ನನ್ನನ್ನು ಬಿಡಲಿಲ್ಲ. ಪ್ರತಿ ಭಾನುವಾರದ ಆರಾಧನೆಯಲ್ಲಿ ನನಗಾಗಿ ಪ್ರಾರ್ಥಿಸತೊಡಗಿದರು. ಹೆಸರು ಹೇಳುತ್ತಿರಲಿಲ್ಲ. "ತನ್ನ ಗಿಟಾರಿನಿಂದ ಜನರ ಮನಸ್ಸನ್ನು ಮರುಳು ಮಾಡುವ, ಅದನ್ನು ಕೇಳಿದವರು ಊಟ ನಿದ್ದೆ ಮರೆಯುವಂತೆ ಮಾಡುವ, ಮದುವೆಗಳಲ್ಲಿ ಬಾರಿಸುತ್ತಾ ಅಲೆಯುವ ನಮ್ಮ ಕಳೆದುಹೋದ ಸಹೋದರನನ್ನು ತಿರುಗಿಸು ತಂದೆಯೇ" ಎನ್ನುತ್ತಿದ್ದರು. ಗುಡಿಗೆ ಆಗಷ್ಟೇ ಧ್ವನಿವರ್ಧಕ ಬಂದಿತ್ತು. ಈ ಪ್ರಾರ್ಥನೆ ದೇವರಿಗಿಂತ ಮೊದಲು ಬಜಾರಿಗೆ ಮುಟ್ಟುತ್ತಿತ್ತು. ಇಂಥ ಗಿಟಾರಿನವನು ಯಾರು ಎಂದು ಮದುವೆ ಮನೆಯವರು ವಿಚಾರಿಸಿಕೊಂಡು ಬರತೊಡಗಿದರು. ನಮ್ಮ ಆರ್ಕೆಸ್ಟ್ರಾಕ್ಕೆ ಅಷ್ಟು ಕೆಲಸ ಹಿಂದೆಂದೂ ಸಿಕ್ಕಿರಲಿಲ್ಲ. ಹೆಂಡತಿ ಗುಡಿಯಿಂದ ಬಂದು ವರದಿ ಒಪ್ಪಿಸುತ್ತಿದ್ದಳು: "ಇವತ್ತ ನಿಮಗ ಭಾಳ ಛಲೋ ಪ್ರಾರ್ಥನಿ ಮಾಡಿದ್ರು ನೋಡ್ರಿ. ಬಾಜು ಕುಂತಾಕಿ ಅತ್ತೇಬಿಟ್ಲು."

ಹೀಗೆ ಕೆಲವು ವರ್ಷ ಕಳೆದವು. ಊರಿನ ತೀನ್ ಕಂದೀಲ್ ವೃತ್ತದ ಹತ್ತಿರ ರೇಡಿಯೋ, ಗ್ರಾಮಫೋನು ರಿಪೇರಿ ಮಾಡುವ ಸಾಹೇಬರೊಬ್ಬರ ಅಂಗಡಿ ಇತ್ತು. ನಮ್ಮ ಆಂಪ್ಲಿಫೈಯರಿಗೆ ಜೀವ ತುಂಬುತ್ತಿದ್ದವರು ಅವರೇ. ಮನೆಯಲ್ಲಿ ದಖನಿ ಉರ್ದು ಮಾತಾಡುವವರು, ನನ್ನ ಜೊತೆ ಕನ್ನಡ. ಒಂದು ದಿನ ಹೋದಾಗ, ಹೈದರಾಬಾದಿನ ಗುಜರಿಯಿಂದ ತಂದ ಗ್ರಾಮಫೋನ್ ತಟ್ಟೆಗಳ ರಾಶಿಯನ್ನು ಒರೆಸುತ್ತಾ ಕೂತಿದ್ದರು. ಒಂದು ತಟ್ಟೆಯ ನಡುವಿನ ಕಾಗದ ಪೂರ್ತಿ ಸುಲಿದುಹೋಗಿತ್ತು. ಹಾಡಿದವನು ಯಾರು, ಯಾವ ದೇಶದವನು ಎಂಬುದು ಅವರಿಗೂ ಗೊತ್ತಿಲ್ಲ, ನನಗೆ ಇಂದಿಗೂ ಗೊತ್ತಿಲ್ಲ.

"ಮಾಸ್ತರ್, ಇದನ್ನೊಂಚೂರು ಕೇಳ್ರಿ. ಇವನ ಗಂಟಲ ಕೆಟ್ಟದೋ, ನನ್ನ ಮಷೀನ್ ಕೆಟ್ಟದೋ ತಿಳೀವಲ್ದು" ಎಂದು ಸೂಜಿ ಇಟ್ಟರು.

ಮೊದಲು ಕರಕರ ಸದ್ದು. ಆಮೇಲೆ ಒಬ್ಬ ಗಂಡಸಿನ ಒಡಕು ದನಿ. ಅದರ ಜೊತೆ ಗಿಟಾರು, ಅದೂ ನನ್ನಂತೆ ಜಾರಿಸಿ ನುಡಿಸುವ ಗಿಟಾರು. ಅವನು ಒಂದು ಸಾಲು ಹಾಡುತ್ತಿದ್ದ, ಅದೇ ಸಾಲನ್ನು ಮತ್ತೆ ಹಾಡುತ್ತಿದ್ದ, ಮೂರನೆಯ ಸಾಲಿನಲ್ಲಿ ಅದಕ್ಕೊಂದು ಉತ್ತರ ಕೊಡುತ್ತಿದ್ದ. ಅವನ ಇಂಗ್ಲಿಷಿನಲ್ಲಿ ನನಗೆ ತಿಳಿದದ್ದು 'ಲಾರ್ಡ್' ಎನ್ನುವ ಒಂದೇ ಮಾತು. ಸಾಹೇಬರಿಗೂ ಅದೇ ತಿಳಿದಿತ್ತು, ಆದರೆ ಅವರ ಪಾಲಿಗೆ ಲಾರ್ಡ್ ಎಂದರೆ ಬ್ರಿಟಿಷರ ಕಾಲದ ಗವರ್ನರ್, ಲಾಟ್ ಸಾಹೇಬ.

"ಲಾಟ್ ಸಾಹೇಬ್ರಿಗೆ ಅರ್ಜಿ ಹಾಕಾಕತ್ತಾನೇನು? ಎರಡೆರಡ ಸಲ ಯಾಕ ಹೇಳ್ತಾನ? ಲಾಟ್ ಸಾಹೇಬ್ರಿಗೆ ಕಿವಿ ಮಂದ ಏನು?"

"ದೇವ್ರಿಗೆ ಹಾಡಾಕತ್ತಾನ್ರಿ ಸಾಹೇಬ್ರ."

"ಯೇ ಗಾನಾ ನೈ ಮಿಯಾಂ, ರೋನಾ ಹೈ" ಎಂದು ಸಾಹೇಬರು ತೀರ್ಪು ಕೊಟ್ಟರು. ಇದು ಹಾಡಲ್ಲ, ಅಳು ಎಂದು. ಅಷ್ಟರಲ್ಲಿ ಆ ಮನುಷ್ಯ ಒಂದು ಸಾಲಿನ ಕೊನೆಗೆ ಬಂದು, ಕೊನೆಯ ಮಾತನ್ನು ಬಿಟ್ಟುಬಿಟ್ಟ. ಅದನ್ನು ಗಿಟಾರು ಹೇಳಿತು. ಊಂ... ಎಂದು.

ನಾನು ಅಲ್ಲೇ ಇದ್ದ ಒಡೆದ ರೇಡಿಯೋ ಪೆಟ್ಟಿಗೆಯ ಮೇಲೆ ಕೂತೆ. ಅದು ಇನ್ನಷ್ಟು ಒಡೆಯಿತು. ಸಾಹೇಬರು ಬೈಯಲಿಲ್ಲ, ನನ್ನ ಮುಖ ನೋಡಿ ಚಹಾ ಹೇಳಿದರು.

ಇಂಥ ಹಾಡಿಗೆ ಗಾಸ್ಪೆಲ್ ಬ್ಲೂಸ್ ಎನ್ನುತ್ತಾರೆ ಎಂದು ಎಷ್ಟೋ ವರ್ಷಗಳ ಮೇಲೆ ಒಬ್ಬ ಪಾದ್ರಿ ಹೇಳಿದರು. ನಮಗೆ ಆಗ ಅದು 'ಲಾಟ್ ಸಾಹೇಬ್ರ ತಟ್ಟೆ'. ಬಿಡುವಾದಾಗಲೆಲ್ಲ ಹೋಗಿ ಕೇಳಿದೆ, ಬೆರಳಿಗೆ ಕಲಿಸಿದೆ. ಆ ಗಿಟಾರಿನ ದನಿಯಲ್ಲಿ ಉಕ್ಕಿನ ಖಣಖಣ ಇರಲಿಲ್ಲ. "ಅಂವ ಗಾಜು ಉಪಯೋಗಸ್ತಾನ" ಎಂದು ಸಾಹೇಬರು ತಮ್ಮ ಖಾಲಿ ಅತ್ತರಿನ ಶೀಶೆಯೊಂದನ್ನು ಕೊಟ್ಟರು. ದನಿ ಸರಿಹೋಯಿತು. ಆದರೆ ಖಾಲಿ ಎಂದದ್ದು ಪೂರ್ತಿ ನಿಜವಲ್ಲ. ಕೈ ಬಿಸಿಯಾದಂತೆಲ್ಲ ಶೀಶೆಯಿಂದ ಗುಲಾಬಿಯ ವಾಸನೆ ಏಳುತ್ತಿತ್ತು. ನುಡಿಸಿ ಮನೆಗೆ ಹೋದರೆ ಹೆಂಡತಿ ಮೂಸಿ ನೋಡಿ, "ರಿಪೇರಿ ಅಂಗಡಿಗೆ ಹೋಗಿದ್ರಿ ಅಂತೀರಿ, ಹೌದಲ್ಲ?" ಎಂದು ಕೇಳುತ್ತಿದ್ದಳು.

ಎಂಬತ್ತರ ದಶಕ ಶುರುವಾಗಿತ್ತು. ಅವ್ವನ ನೆನಪಿನ ಪ್ರಾರ್ಥನೆಯನ್ನು ಅಪ್ಪ ಪ್ರತಿ ವರ್ಷ ದೇವದುರ್ಗದ ಮನೆಯಲ್ಲಿ ಇಡುತ್ತಿದ್ದರು. ನಾನು ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಆ ವರ್ಷ ಮರುದಿನವೇ ಮಾನ್ವಿಯಲ್ಲಿ ಒಂದು ಮದುವೆ ಒಪ್ಪಿಕೊಂಡಿದ್ದರಿಂದ, ದೇವದುರ್ಗಕ್ಕೆ ಹೋಗಿ ಅಲ್ಲಿಂದಲೇ ಮಾನ್ವಿಗೆ ಹೋಗೋಣವೆಂದು ಬೆಳಿಗ್ಗೆ ಗಿಟಾರ್ ಪೆಟ್ಟಿಗೆಯೊಂದಿಗೆ ಬಸ್ಸು ಹತ್ತಿದೆ. ಹೆಂಡತಿಗೆ ಜ್ವರ, ಅವಳು ಬರಲಿಲ್ಲ.

ಮಸರಕಲ್ ಹತ್ತಿರ ಬಸ್ಸು ಕೆಮ್ಮಿ, ಒಂದು ಸಲ ಕುಪ್ಪಳಿಸಿ, ನಿಂತುಬಿಟ್ಟಿತು. ಡ್ರೈವರು ಕೆಳಗೆ ತೂರಿಕೊಂಡರು. ಅವರ ಕಾಲುಗಳಷ್ಟೇ ಹೊರಗೆ ಕಾಣುತ್ತಿದ್ದವು. ಕಂಡಕ್ಟರು ಮಾತ್ರ ಟೊಪ್ಪಿಗೆ ಸರಿಮಾಡಿಕೊಳ್ಳುತ್ತಾ, ಇದು ತಾನು ಎಂದೂ ನೋಡಿರದ ಬಸ್ಸು ಎಂಬಂತೆ ದೂರ ನಿಂತರು. ನಾವೆಲ್ಲ ಇಳಿದು ಬೇವಿನ ಮರದ ನೆರಳಿಗೆ ಹೋದೆವು. ಅಲ್ಲಿ ಆಗಲೇ ಕುರಿ ಕಾಯುವವರು ತಮ್ಮ ಹಿಂಡಿನೊಂದಿಗೆ ಬಿಡಾರ ಹೂಡಿದ್ದರು. ಬಿಸಿಲು ಏರಿತು, ಬಸ್ಸು ಏಳಲಿಲ್ಲ.

"ಆ ಪೆಟ್ಟಿಗ್ಯಾಗ ಏನದರೀ? ಬಾರಸೋದಿದ್ರ ಬಾರಸ್ರಿ, ಹೊತ್ತರ ಹೋಗ್ತದ" ಎಂದಳು ಕುರಿಯವರ ಹೆಂಗಸು.

ನಾನು ಸಿನಿಮಾ ಹಾಡು ನುಡಿಸಬೇಕೆಂದೇ ಕೂತೆ. ಶೀಶೆ ತಂತಿಗೆ ತಾಗಿದ ಕೂಡಲೇ ತಟ್ಟೆಯ ರಾಗ ಬಂತು. ಬಾಯಿಂದ ನನ್ನವೇ ಮಾತುಗಳು ಬಂದವು. ಹಾಡು ಕಟ್ಟಿದವನಲ್ಲ ನಾನು, ಅಂದು ಕಟ್ಟುತ್ತಿದ್ದೇನೆ ಎಂದೂ ತಿಳಿದಿರಲಿಲ್ಲ. 'ಲಾರ್ಡ್' ಎನ್ನುವ ಜಾಗದಲ್ಲಿ 'ಯಜಮಾನ' ಬಂದು ಕೂತಿತು.

ಹೊತ್ತೇರಿತು ಯಜಮಾನಾ, ಗಾಡಿ ಹೊಂಡವಲ್ದು
ಹೊತ್ತೇರಿತು ಯಜಮಾನಾ, ಗಾಡಿ ಹೊಂಡವಲ್ದು
ಕರದ ಕರದ ಗಂಟಲ ಬತ್ತಿತು, ನಿನ್ನ ಕಿವಿಗೆ ಮುಟ್ಟವಲ್ದು

ಪ್ರಯಾಣಿಕರಿಗೆ ಬಹಳ ಹಿಡಿಸಿತು. ಎರಡನೆಯ ಸಲದ ಸಾಲನ್ನು ನಾನು ಹೇಳುವ ಮೊದಲೇ ಅವರೇ ಹೇಳತೊಡಗಿದರು. ಕುರಿಯವರು ಕೋಲು ಕುಟ್ಟಿದರು. ಜನ ಎಲ್ಲ ಬಸ್ಸಿನ ಕಡೆ ಕೈ ಮಾಡಿಕೊಂಡು "ಗಾಡಿ ಹೊಂಡವಲ್ದು" ಎಂದು ಕೂಗುತ್ತಿದ್ದರೆ, ಡ್ರೈವರಿನ ಕಾಲುಗಳು ಸಿಟ್ಟಿನಿಂದ ಒದ್ದಾಡುತ್ತಿದ್ದವು. ನಾನು ಕಣ್ಣು ಮುಚ್ಚಿದ್ದೆ. ಆ ಯಜಮಾನನಿಗೆ ಹೇಳುವುದು ಇನ್ನೂ ಇತ್ತು.

ಅವ್ವನ ಕರಕೊಂಡಿ ಯಜಮಾನಾ, ಕೇಳದಾ ಕರಕೊಂಡಿ
ಅವ್ವನ ಕರಕೊಂಡಿ ಯಜಮಾನಾ, ಕೇಳದಾ ಕರಕೊಂಡಿ
ಒಲಿ ಮುಂದಿನ ಹಾಡು ಅರ್ಧಕ್ಕ ನಿಂತದ, ನೀನಾ ಬಂದು ಮುಗಸು

ಇದನ್ನು ಯಾರೂ ಕೂಗಲಿಲ್ಲ. ಕೋಲುಗಳೂ ನಿಂತವು. ಕಣ್ಣು ತೆರೆದಾಗ ಕಂಡಕ್ಟರು ಎದುರಿಗೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

"ಏನ್ರೀ, ನೀವು ಪ್ಯಾಸೆಂಜರ್ ಮಂದೀನ ನಮ್ಮ ಮ್ಯಾಲ ಎತ್ತಿ ಕಟ್ಟಾಕತ್ತೀರೇನು? ಯಜಮಾನ ಯಜಮಾನ ಅಂತ ಬೈತೀರಿ. ಗಾಡಿ ಕೆಟ್ರ ನಾ ಏನ ಮಾಡ್ಲಿ? ಡಿಪೋದಾಗ ಕೇಳ್ರಿ."

"ನಿಮಗಲ್ರೀ ಅದು. ದೇವ್ರಿಗೆ."

"ದೇವ್ರಿಗಾ?" ಅವರ ಸಿಟ್ಟು ಅನುಮಾನಕ್ಕೆ ತಿರುಗಿತು. "ಯಾವ ದೇವ್ರಿಗೆ?"

"ಯಾವ ದೇವ್ರೂ ಇಲ್ಲ ಬಿಡ್ರಿ. ನನಗ ನಂಬಿಕಿ ಇಲ್ಲ. ಸುಮ್ನ ಹಾಡಿದೆ."

"ಭಾಳ ಚೆಂದ ಆತು" ಎಂದರು ಕಂಡಕ್ಟರು, ಜನರ ಕಡೆ ತಿರುಗಿ. "ನನಗ ಬೈದಿಲ್ಲ ಅಂತಾರ. ದೇವ್ರೂ ಇಲ್ಲ ಅಂತಾರ. ಹಂಗಾದ್ರ ಬಿಸಲಾಗ ಕುಂತು, ಕಣ್ಣಾಗ ನೀರು ತಂದು, ಇಷ್ಟೊತ್ತನ ಯಾರಿಗ್ರೀ ಬೈಯಾಕತ್ತಿದ್ರಿ?"

ಜನ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಕೆನ್ನೆ ಮುಟ್ಟಿ ನೋಡಿಕೊಂಡೆ, ನಿಜವಾಗಿಯೂ ಒದ್ದೆಯಾಗಿತ್ತು. ಅಷ್ಟರಲ್ಲಿ ಬಸ್ಸು ಗುಡುಗಿತು, ಡ್ರೈವರು ಮೈಯೆಲ್ಲ ಎಣ್ಣೆಯಾಗಿ ಎದ್ದು ಬಂದರು. ಕುರಿಯವರ ಹೆಂಗಸು ಕೈ ಮುಗಿದು, "ಕೇಳಿಸಿತು ನೋಡ್ರಿ ನಿಮ್ಮ ಯಜಮಾನಗ" ಎಂದಳು. ಡ್ರೈವರು ಅವಳನ್ನು ದುರುಗುಟ್ಟಿ ನೋಡಿದರು.

ನಾನು ದೇವದುರ್ಗ ಮುಟ್ಟುವ ಹೊತ್ತಿಗೆ ಮನೆಯ ಪಡಸಾಲೆಯಲ್ಲಿ ನೆರೆಯವರೂ ಸಭೆಯವರೂ ತುಂಬಿದ್ದರು. ಒಳಗೆ ಒಗ್ಗರಣೆ ಹಾಕಿದ ಮಂಡಕ್ಕಿ, ನಮ್ಮ ಕಡೆಯ ಮಂಡಾಳ ಒಗ್ಗರಣೆ, ತಯಾರಾಗಿತ್ತು, ಮಿರ್ಚಿ ಕರಿಯುವ ಸದ್ದು ಬರುತ್ತಿತ್ತು. ಎಲ್ಲರ ಮನಸ್ಸೂ ಅತ್ತಲೇ ಇತ್ತು. ಅಪ್ಪ ನನ್ನನ್ನು ನೋಡಿ ಆಶ್ಚರ್ಯವನ್ನಾಗಲಿ ಸಂತೋಷವನ್ನಾಗಲಿ ತೋರಿಸಲಿಲ್ಲ. "ಬಂದಿ? ಕೈಕಾಲ ತೊಳಕೊ. ಪ್ರಾರ್ಥನಿ ನೀನಾ ಶುರು ಮಾಡು" ಎಂದರು.

"ನನಗ ಆಗಂಗಿಲ್ಲ ಯಪ್ಪಾ."

"ಹಂಗಾದ್ರ ಬಾರಸು. ಆ ಪೆಟಗಿ ಹೊತಗೊಂಡು ಬಂದೀಯಲ್ಲ."

ಕೂತು ನುಡಿಸಿದೆ. ಬೇರೆ ಏನೂ ನೆನಪಾಗದೆ ಮಸರಕಲ್ಲಿನ ಹಾಡನ್ನೇ ಹಾಡಿದೆ. ಶೀಶೆಯ ಗುಲಾಬಿ ಪಡಸಾಲೆಯಲ್ಲಿ ಹರಡಿತು. ಹಿಂದೆ ಕೂತ ಒಬ್ಬ ಮುದುಕರು ಮೂಗೆತ್ತಿ ಮೂಸಿ, "ಯಾರ ಮದುವಿ ಇದು?" ಎಂದು ಪಕ್ಕದವರನ್ನು ಕೇಳಿದ್ದು ಕೇಳಿಸಿತು. ಅಪ್ಪ ಕಣ್ಣು ಮುಚ್ಚಿ ಕೂತಿದ್ದರು. ಅವ್ವನ ಸಾಲು ಬಂತು. ಅದರ ತುದಿಯಲ್ಲಿ ನಾನು ಹಾಡುವುದನ್ನು ನಿಲ್ಲಿಸಿದೆ, ಗಿಟಾರು "ಊಂ" ಎಂದಿತು. ಅದರ ಜೊತೆಗೇ ಇನ್ನೊಂದು "ಊಂ" ಬಂತು. ರಾಗಕ್ಕೆ ಸೇರದ್ದು, ತಾಳಕ್ಕೂ ಸೇರದ್ದು. ಅಪ್ಪ. ಜೀವಮಾನವಿಡೀ ಒಂದು ಹಾಡನ್ನೂ ನೆಟ್ಟಗೆ ಹಾಡದ ಅಪ್ಪ, ಅವ್ವ ರೊಟ್ಟಿ ತಿರುವುತ್ತಾ ಎಳೆಯುತ್ತಿದ್ದುದನ್ನು ಹಾಗೇ ಇಟ್ಟುಕೊಂಡಿದ್ದರು. ನನ್ನ ಗಿಟಾರಿಗಿಂತ ಅವರದು ಒಂದಿಷ್ಟು ಉದ್ದವೂ ಇತ್ತು. ನನಗೆ ಮುಂದೆ ನುಡಿಸಲಾಗಲಿಲ್ಲ. ಬಹಳ ವರ್ಷಗಳಿಂದ ಕಾದಿದ್ದ ನರಳಾಟವನ್ನು ನಾವಿಬ್ಬರೂ ಸೇರಿ ನರಳಿದೆವು. ಮಿರ್ಚಿ ಆರುತ್ತಿದ್ದರೂ ಯಾರೂ ಏಳಲಿಲ್ಲ.

ಊಟವಾದ ಮೇಲೆ ಅಪ್ಪ ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಾ ಕೇಳಿದರು: "ಪದದಾಗ ದೇವ್ರಿಗೆ 'ನೀ' ಅಂದಿ, ಹೌದಿಲ್ಲೋ?"

"ಹೌದ್ರಿ ಯಪ್ಪಾ. ತಪ್ಪಾತೇನ್ರಿ?"

"ಇಲ್ಲ. ಆಕಿನೂ 'ನೀ' ಅಂತಿದ್ಲು. ನಾ 'ನೀವು' ಅಂದು ಅಂದು ದೂರ ಆದೆನೇನೋ." ಇನ್ನೊಂದು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: "ನಿನ್ನ ಹಾಡಿನಾಗ ಒಂದ ಐಬ ಅದ. ಪ್ರಶ್ನಿ ಕೇಳ್ತಿ, ಉತ್ತರ ಕೇಳಾಕ ನಿಂದ್ರಂಗಿಲ್ಲ. ಎದ್ದು ಹೊಂಟುಬಿಡ್ತಿ."

ಮರುದಿನದ ಮಾನ್ವಿಯ ಮದುವೆ ಬಟ್ಟೆ ವ್ಯಾಪಾರದ ಸಾಬರ ಮನೆಯದು. ಊಟದ ಪಂಕ್ತಿ ನಡೆದಾಗ ಹಾಡುಗಾರ ಬಿಡುವು ತೆಗೆದುಕೊಂಡ, ನಾನೊಬ್ಬನೇ ನುಡಿಸುತ್ತಿದ್ದೆ. ಮನಸ್ಸು ಎಲ್ಲೋ ಇತ್ತು. ಗೊತ್ತಾಗದಂತೆ ಕೈ ಯಜಮಾನನ ಹಾಡಿಗೆ ಹೋಗಿತ್ತು. ಮಾತಿಲ್ಲದ ರಾಗ ಅಷ್ಟೇ. ಬಿರಿಯಾನಿಯ ಮುಂದೆ ಕೂತಿದ್ದ ಮದುಮಗನ ಮಾವ ತಲೆದೂಗಿ, "ಇದು ಯಾವ ಪಿಚ್ಚರ್‌ದ್ರೀ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದವರು, "ನಾ ನೋಡೀನ್ರಿ, ಹೈದ್ರಾಬಾದಿನಾಗ. ಲಾಸ್ಟಿಗೆ ಹೀರೋನ ಅವ್ವ ಸಾಯ್ತಾಳ, ಆಗ ಬರೋದು ಈ ಹಾಡು" ಎಂದು ಖಾತ್ರಿ ಮಾಡಿದರು. ಮಾವ ಕಣ್ಣೊರೆಸಿಕೊಂಡು ಮತ್ತೊಮ್ಮೆ ನುಡಿಸಲು ಹೇಳಿದರು. ನುಡಿಸಿದೆ. ಪಿಚ್ಚರ್ ನೋಡಿದ್ದೇನೆ ಎಂದ ಆ ಮನುಷ್ಯನಿಗೆ ಅವ್ವ ಸತ್ತದ್ದು ಹೇಗೆ ತಿಳಿಯಿತೋ ನನಗೆ ಗೊತ್ತಿಲ್ಲ. ಹೀರೋ ಅಂತೂ ನಾನಾಗಿರಲಿಲ್ಲ.

ಮಾನ್ವಿಯಿಂದ ರಾಯಚೂರಿಗೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು. ಕಿಟಕಿಯ ಹೊರಗೆ ಭತ್ತದ ಗದ್ದೆಗಳು ಹಿಂದಕ್ಕೆ ಓಡುತ್ತಿದ್ದವು. ಅಪ್ಪ ಹೇಳಿದ ಐಬು ತಲೆಯಲ್ಲಿ ಕೂತಿತ್ತು. ಉತ್ತರ ಕೇಳಲು ನಿಲ್ಲುವುದು ಹೇಗೆಂದು ಯೋಚಿಸುತ್ತಿದ್ದಾಗ ಹಾಡಿನ ಕೊನೆಯ ನುಡಿ ಬಂತು.

ಗಾಡಿ ಹೊಂಟದ ಯಜಮಾನಾ, ಬಾಜು ಸೀಟು ಖಾಲಿ ಅದ
ಗಾಡಿ ಹೊಂಟದ ಯಜಮಾನಾ, ಬಾಜು ಸೀಟು ಖಾಲಿ ಅದ
ಹತ್ತಿಕೊಂಡ್ರ ಹತ್ತಿಕೊ, ನಿನ್ನ ಕೂಡ ಮಾತು ಇನ್ನೂ ಬಾಕಿ ಅದ

ಮುಂದಿನ ನಿಲ್ದಾಣದಲ್ಲಿ ಕೋಳಿಗಳ ಬುಟ್ಟಿ ಹೊತ್ತ ಒಬ್ಬ ಮನುಷ್ಯ ಹತ್ತಿದ. "ಇಲ್ಲಿ ಯಾರರ ಬರ್ತಾರೇನ್ರೀ?" ಎಂದು ಸೀಟು ತೋರಿಸಿದ.

"ಬರಬಹುದು" ಎಂದೆ, ಯೋಚಿಸದೆ.

"ಬರೂತನಕ ಕುಂದರ್ತೀನಿ ತಗೋರಿ" ಎಂದು ಕೂತ. ಬುಟ್ಟಿಯನ್ನು ನನ್ನ ತೊಡೆಗೆ ಆನಿಸಿದ. ರಾಯಚೂರಿನವರೆಗೂ ಕೋಳಿಯೊಂದು ನನ್ನ ಅಂಗಿಯ ಗುಂಡಿ ಕುಕ್ಕುತ್ತಿತ್ತು. ಆ ದಾರಿಯಲ್ಲಿ ನಾನು ಬಹಳ ವರ್ಷಗಳ ಮೇಲೆ ಪ್ರಾರ್ಥಿಸಿದೆ. ದೊಡ್ಡ ಬೆಳಕೇನೂ ಕಾಣಲಿಲ್ಲ. ಹೇಳುವುದನ್ನು ಹೇಳಿ, ಸುಮ್ಮನೆ ಕಾದು ಕೂತೆ, ಅಷ್ಟೇ. ಎದ್ದು ಹೋಗಲು ಕೋಳಿಗಳು ಬಿಡಲೂ ಇಲ್ಲ.

ಆ ಭಾನುವಾರ ಹೆಂಡತಿಯ ಜೊತೆ ಗುಡಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಹಿರಿಯರು ಎಂದಿನಂತೆ ಕಣ್ಣು ಮುಚ್ಚಿ, ಧ್ವನಿವರ್ಧಕದ ಮುಂದೆ ನಿಂತು, ಕಳೆದುಹೋದ ಸಹೋದರನ ಪ್ರಾರ್ಥನೆ ಶುರು ಮಾಡಿದರು. ಮಧ್ಯದಲ್ಲಿ ಕೆಮ್ಮು ಬಂದು ಕಣ್ಣು ತೆರೆದವರು ನನ್ನನ್ನು ನೋಡಿದರು. ಪ್ರಾರ್ಥನೆ ಅಲ್ಲೇ ನಿಂತಿತು. ಬಜಾರಿಗೆಲ್ಲ ಮೌನ ಪ್ರಸಾರವಾಯಿತು. ಕೊನೆಗೆ, "ಆ ಸಹೋದರನನ್ನು... ಹಿಂದಿನ ಸಾಲಿನಲ್ಲಿ... ಕೂರಿಸಿದ್ದಕ್ಕಾಗಿ ಸ್ತೋತ್ರ" ಎಂದು ಮುಗಿಸಿದರು. ಹೊರಗೆ ಬಂದ ಮೇಲೆ ಹೆಂಡತಿ, "ಪಾಪ, ಇನ್ನ ಮುಂದ ಯಾರ ಸಲುವಾಗಿ ಪ್ರಾರ್ಥನಿ ಮಾಡ್ತಾರ ಅವರು?" ಎಂದಳು.

ಸಭೆಯ ಪಾದ್ರಿ ಬೀದರ್ ಕಡೆಯ ತರುಣ. ನನ್ನ ಹಾಡಿನ ಸುದ್ದಿ ದೇವದುರ್ಗದಿಂದ ಅವರ ಕಿವಿಗೂ ಬಂದಿತ್ತು, ನನ್ನಿಂದ ಮೂರೂ ನುಡಿ ಬರೆಸಿಕೊಂಡು, ಗುಡಿಯಲ್ಲಿ ಹಾಡಿರಿ ಎಂದರು. ಹಿರಿಯರು ಒಪ್ಪಲಿಲ್ಲ. "'ನಿನ್ನ ಕಿವಿಗೆ ಮುಟ್ಟವಲ್ದು' ಅಂದ್ರ ಏನರ್ಥ? ದೇವ್ರಿಗೆ ಕಿವುಡು ಅಂತಾನೇನು? ಮತ್ತ ಸರ್ಕಾರಿ ಬಸ್ಸು ಆರಾಧನಿಯೊಳಗ ಯಾಕ?" ಎಂದು ಕಮಿಟಿಯಲ್ಲಿ ಕೇಳಿದರು. ಬಸ್ಸಿನ ಬದಲು ಎತ್ತಿನ ಗಾಡಿ ಎಂದು ತಿಳಿದುಕೊಳ್ಳಬಹುದು ಎಂದು ಒಬ್ಬರು ಸಮಾಧಾನ ಹೇಳಿದರು. ಎತ್ತಿನ ಗಾಡಿಯಲ್ಲಿ ಬಾಜು ಸೀಟು ಎಲ್ಲಿ ಬರುತ್ತದೆ ಎಂದು ಇನ್ನೊಬ್ಬರು ತಗಾದೆ ತೆಗೆದರು. ಚರ್ಚೆ ಅಲ್ಲೇ ಉಳಿಯಿತು. ನಾನು ಗುಡಿಯಲ್ಲಿ ಹಾಡದೆ ಮನೆಯಲ್ಲೇ ಹಾಡು ಕಟ್ಟುತ್ತಾ ಹೋದೆ. ಊರಿನ ಆಮ್ ತಲಾಬ್ ಕೆರೆಯ ನೀರು ಬತ್ತಿದ್ದರ ಮೇಲೆ ಒಂದು, ಹತ್ತಿ ಜಿನ್ನಿನ ಧೂಳಿಗೆ ಕೆಮ್ಮುವವರ ಮೇಲೆ ಒಂದು. ಎಲ್ಲವೂ ಯಜಮಾನನ ಮೇಲಿನ ದೂರೇ. ದೂರು ಹೆಚ್ಚಿದಷ್ಟೂ ನಂಬಿಕೆಯೂ ಹೆಚ್ಚಿತು. ಇದು ನನಗೇ ವಿಚಿತ್ರವಾಗಿ ಕಾಣುತ್ತಿತ್ತು.

ಮುಂದಿನ ವರ್ಷ ಹಿರಿಯರ ಹೆಂಡತಿ ತೀರಿಕೊಂಡರು. ಅಂತ್ಯಸಂಸ್ಕಾರದಲ್ಲಿ ಹಿರಿಯರೇ ಎಂದಿನ ಜಯದ ಹಾಡು ಎತ್ತಿಕೊಂಡರು. ಎರಡನೆಯ ಸಾಲಿಗೆ ಅವರ ಆ ದೊಡ್ಡ ದನಿ ಬಿದ್ದುಹೋಯಿತು, ಮೇಲೇಳಲಿಲ್ಲ. ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಕರೆದರೂ ಬರಲಿಲ್ಲ.

"ತಮ್ಮಾ, ಆಯತವಾರ ಆಕಿ ಹೆಸರೀಲೆ ಪ್ರಾರ್ಥನಿ ಅದ. ನೀ ಬರಬೇಕು. ನಿನ್ನ ಆ... ಊಂ ಅನ್ನೋದು ಬಾರಸಬೇಕು." ತಲೆ ತಗ್ಗಿಸಿ ಮೆಲ್ಲಗೆ ಸೇರಿಸಿದರು: "ಹಾರ್ಮೋನಿಯಂದಾಗ ಅದು ಬರಂಗಿಲ್ಲ. ನಾ ಬಾಗಲ ಹಾಕ್ಕೊಂಡು ಮಾಡಿ ನೋಡಿದೆ."

ನನ್ನ ಹೆಂಡತಿ ಒಳಗಿನಿಂದ ಅವರಿಗೆ ಚಹಾ ತಂದುಕೊಟ್ಟಳು. ನಿಂತೇ ಕುಡಿದರು. ಆ ಭಾನುವಾರ ನಾನು ಗುಡಿಯಲ್ಲಿ ನುಡಿಸಿದೆ, ಹಿರಿಯರು ಮುಂದಿನ ಸಾಲಿನಲ್ಲಿ ಕೂತು ಮುಖ ಮುಚ್ಚಿಕೊಂಡು ಅತ್ತರು. ಮುಗಿದ ಮೇಲೆ ಹತ್ತಿರ ಬಂದು, ಎರಡನೆಯ ನುಡಿಯಲ್ಲಿ ನನ್ನ ಶ್ರುತಿ ತುಸು ಇಳಿದಿತ್ತೆಂದು ಹೇಳಿದರು. ಇಳಿದದ್ದು ನಿಜ.

ಅಲ್ಲಿಂದ ಮುಂದೆ ಹಳ್ಳಿಯ ಸಭೆಗಳಿಂದಲೂ ಕರೆ ಬರತೊಡಗಿತು. ಶನಿವಾರ ಮದುವೆ, ಭಾನುವಾರ ಪ್ರಾರ್ಥನೆ. ಒಮ್ಮೆ ಪ್ಯಾಸೆಂಜರ್ ರೈಲಿನಲ್ಲಿ ಮಟಮಾರಿಗೆ ಹೋದೆ. ಹಾಡು ಶುರುವಾಗುವ ಮೊದಲೇ ಒಬ್ಬ ಹೆಂಗಸು ಎದ್ದು ನಿಂತು, ಕನ್ನಡಕ್ಕೆ ತೆಲುಗು ಬೆರೆಸಿ ಹೇಳಿದಳು: "ಅಯ್ಯಾ, ನೀವು ದೇವ್ರಿಗೆ ದೂರು ಹೇಳ್ತೀರಂತ. ನಮ್ಮ ಎಮ್ಮಿ ಮೇವು ಬಿಟ್ಟದ. ಅದನ್ನೂ ಹೇಳಿಬಿಡ್ರಿ." ಜನ ನಕ್ಕರು, ಅವಳು ನಗಲಿಲ್ಲ. ನನಗೂ ನಗಲು ಮನಸ್ಸು ಬರಲಿಲ್ಲ. ಅಲ್ಲೇ ಕೂತು ಕಟ್ಟಿದೆ.

ಎಮ್ಮಿ ಮೇವು ಬಿಟ್ಟದ ಯಜಮಾನಾ, ಬಕೀಟು ಒಣಗ್ಯಾದ
ಎಮ್ಮಿ ಮೇವು ಬಿಟ್ಟದ ಯಜಮಾನಾ, ಬಕೀಟು ಒಣಗ್ಯಾದ
ಹಾಲಿಲ್ಲದ ಕರಿ ಚಾ ಕುಡಿಯಾಕ ನೀನರ ಬರ್ತೀಯೇನು

ಇಡೀ ಸಭೆ ಎರಡನೆಯ ಸಾಲನ್ನು ಹಿಡಿದುಕೊಂಡಿತು. ಆ ಹೆಂಗಸು ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದಳು, 'ಕರಿ ಚಾ' ಬಂದಾಗ ಬೆರಳು ಮೇಲೆತ್ತಿ ಗದರಿಸಿದಳು. ನಾನು ಗದರಿಸಿದ್ದು ಯಾವಾಗಲೂ ಕಣ್ಣು ಮುಚ್ಚಿಕೊಂಡು, ಅವಳು ಕಣ್ಣು ತೆರೆದೇ ಗದರಿಸುತ್ತಿದ್ದಳು.

ಎಮ್ಮೆ ಎದ್ದು ಮೇಯತೊಡಗಿತೆಂದು ವಾರದೊಳಗೆ ಸುದ್ದಿ ಬಂತು. ದನದ ಡಾಕ್ಟರೂ ಬಂದು ಸೂಜಿ ಚುಚ್ಚಿ ಹೋಗಿದ್ದರಂತೆ, ಆದರೆ ಆ ಮಾತನ್ನು ಯಾರೂ ದೊಡ್ಡದು ಮಾಡಲಿಲ್ಲ. ಮುಂದಿನ ಸಲ ಮಟಮಾರಿಯ ಸ್ಟೇಷನ್ನಿನಲ್ಲಿ ಇಳಿದಾಗ ಆಕೆ ಚೊಂಬಿನಲ್ಲಿ ಗಟ್ಟಿ ಮೊಸರು ಹಿಡಿದು ಕಾಯುತ್ತಿದ್ದಳು. ಅವಳ ಹಿಂದೆ ತಮ್ಮ ತಮ್ಮ ದೂರು ಹಿಡಿದು ಇನ್ನೂ ನಾಲ್ಕಾರು ಮಂದಿ, ಒಬ್ಬನ ಕೈಯಲ್ಲಿ ಕುಂಟುವ ಮೇಕೆಯ ಹಗ್ಗ.